ಕಲ್ದಾರದಿಂದ ದಿನಾರಿನವರೆಗೆ

ನಿಜಾಮನ ಆಳ್ವಿಕೆಯ ಕಾಲದಲ್ಲಿ ಜೇವರ್ಗಿ, ಆಳಂದ, ಅಫಜಲಪುರದ ಕಡೆಯ ಹಳ್ಳಿಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ ನಾಣ್ಯ ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ರೂಪಾಯಿಯನ್ನು ಆ ಸೀಮೆಯವರು ಕಲ್ದಾರವೆಂದು ಕರೆಯುತ್ತಿದ್ದರು. ಆರು ಕಲ್ದಾರಕ್ಕೆ ಏಳು ಹಾಲಿ ರೂಪಾಯಿ ಎಂಬುದು ಲೆಕ್ಕ. ಕೊಳಕೂರದ ರೈತ ಜೋಳ ಮಾರಿ ಬಂದ ಹಣವನ್ನು ಗಂಟು ಕಟ್ಟಿಕೊಂಡು ಸೊಲ್ಲಾಪುರದ ಪೇಟೆಗೆ ಹೋದರೆ ಮೊದಲು ಸರಾಫನ ಕಟ್ಟೆ ಹತ್ತಬೇಕಾಗುತ್ತಿತ್ತು. ಅದೇ ದಿನಗಳಲ್ಲಿ, ಸಮುದ್ರದಾಚೆ ಪರ್ಷಿಯನ್ ಕೊಲ್ಲಿಯ ನೆತ್ತಿಯ ಮೇಲಿದ್ದ ಕುವೈತೆಂಬ ಅರಬ್ಬೀ ಪಟ್ಟಣದಲ್ಲಿ ಮುತ್ತಿನ ವ್ಯಾಪಾರಿ ತನ್ನ ಗದ್ದುಗೆಯ ಮೇಲೆ ಕುಳಿತು ಎಣಿಸುತ್ತಿದ್ದುದು ಇದೇ ಕಲ್ದಾರವನ್ನು! ಕಲಬುರ್ಗಿಯ ಪ್ರಜೆಗೆ ಪರದೇಶದ ನಾಣ್ಯವಾಗಿದ್ದುದು ಅರಬನಿಗೆ ಮನೆಯ ನಾಣ್ಯವಾಗಿತ್ತು. ಚರಿತ್ರೆಗೆ ಇಂಥ ವಿನೋದಗಳೆಂದರೆ ಬಲು ಪ್ರೀತಿ.

ಈ ವಿನೋದದ ಹಿಂದೆ ಕಾರಣವಿಲ್ಲದೆ ಇಲ್ಲ. ತನ್ನ ಸಹೋದರರಿಬ್ಬರನ್ನು ಕೊಂದು 1896ರಲ್ಲಿ ಗದ್ದುಗೆಯೇರಿದ ಮುಬಾರಕ್ ಅಲ್ ಸಬಾಹ್, ತುರ್ಕರ ಕೈಯಿಂದ ತನ್ನ ಪಟ್ಟಣವನ್ನು ಉಳಿಸಿಕೊಳ್ಳಲು 1899ರಲ್ಲಿ ಆಂಗ್ಲರೊಡನೆ ಒಪ್ಪಂದ ಮಾಡಿಕೊಂಡ. ಅವರ ಅನುಮತಿಯಿಲ್ಲದೆ ಅಂಗೈಯಗಲ ನೆಲವನ್ನೂ ಅನ್ಯರಿಗೆ ಕೊಡುವುದಿಲ್ಲವೆಂಬುದು ಅದರ ಸಾರಾಂಶ. ಆಂಗ್ಲರೆಂದರೆ ಲಂಡನ್ನು ಮಾತ್ರವಲ್ಲ. ಕೊಲ್ಲಿಯ ವ್ಯವಹಾರವನ್ನು 1947ರ ತನಕ ನೋಡಿಕೊಳ್ಳುತ್ತಿದ್ದುದು ಇಂಡಿಯಾ ಸರಕಾರ. ವೈಸರಾಯ್ ಕರ್ಜನ್ 1903ರಲ್ಲಿ ಹಡಗುಗಳ ದಂಡಿನೊಡನೆ ಕುವೈತಿಗೆ ಹೋಗಿ ಮುಬಾರಕನ ಸತ್ಕಾರ ಪಡೆದು ಬಂದಿದ್ದ. ವ್ಯಾಪಾರವೂ ಇತ್ತಲಿನದೇ. ಕುವೈತಿನ ನಾವಿಕರು ಬಸ್ರಾದ ಖರ್ಜೂರವನ್ನು ಮುಂಬಯಿಗೆ ತರುತ್ತಿದ್ದರು, ಮಲಬಾರಿನ ಸಾಗುವಾನಿಯನ್ನು ಒಯ್ದು ಹಡಗು ಕಟ್ಟುತ್ತಿದ್ದರು. ಕುಡಿಯುವ ನೀರನ್ನು ಕೂಡ ಶತ್ತಲ್ ಅರಬ್ ನದಿಯಿಂದ ದೋಣಿಗಳಲ್ಲಿ ತರಿಸಿಕೊಳ್ಳುತ್ತಿದ್ದ ಊರು ಅದು. ಜಪಾನೀಯರು ಕೃತಕವಾಗಿ ಬೆಳೆಸಿದ ಮುತ್ತುಗಳು ಮಾರುಕಟ್ಟೆಗೆ ಬಂದಾಗ ಆ ಊರಿನ ಸಂಪತ್ತಿಗೆ ಕುತ್ತು ಬಂದಿತು.

ಆಗ, 1938ರ ಫೆಬ್ರವರಿಯಲ್ಲಿ, ಬುರ್ಗಾನಿನ ಮರಳಿನಡಿಯಿಂದ ಎಣ್ಣೆ ಚಿಮ್ಮಿತು.

ಈ 1938ನೆಯ ಇಸವಿಯ ಬಳಿ ನಾವು ಸ್ವಲ್ಪ ನಿಲ್ಲಬೇಕು. ಅರಸನ ಖರ್ಚಿಗೆ ಸುಂಕ ತೆರುತ್ತಿದ್ದವರು ಕುವೈತಿನ ವರ್ತಕರು. ಕೊಡುವ ಕೈಗೆ ಕೇಳುವ ಬಾಯಿಯೂ ಇರಬೇಕಷ್ಟೆ. ಅವರು ಅದೇ ವರ್ಷದ ನಡುವಿನಲ್ಲಿ ತಮ್ಮ ಮಜ್ಲಿಸನ್ನು ಚುನಾಯಿಸಿಕೊಂಡು, ಆಯವ್ಯಯದ ಅಧಿಕಾರ ತಮಗೆ ಬರಬೇಕೆಂದರು. ಡಿಸೆಂಬರಿಗೆ ಅರಸ ಅದನ್ನು ವಿಸರ್ಜಿಸಿದ. ಇತ್ತ ಹೈದರಾಬಾದು ಸಂಸ್ಥಾನದಲ್ಲಿಯೂ ಅದೇ ವರ್ಷ ಪ್ರಜೆಗಳು ಜವಾಬ್ದಾರಿ ಸರಕಾರ ಕೇಳಲು ಸ್ಟೇಟ್ ಕಾಂಗ್ರೆಸ್ಸನ್ನು ಕಟ್ಟಹೊರಟರು; ಸಂಸ್ಥೆ ಕಣ್ಣು ತೆರೆಯುವ ಮೊದಲೇ ನಿಜಾಮ ಸರಕಾರ ಅದನ್ನು ನಿಷೇಧಿಸಿ, ಸತ್ಯಾಗ್ರಹಿಗಳನ್ನು ಸೆರೆಮನೆಗೆ ಕಳಿಸಿತು. ಎರಡು ಕಡೆಯೂ ಅರಸನೊಬ್ಬ, ಎರಡು ಕಡೆಯೂ ಕೇಳಿಕೆ ಒಂದೇ. ಮುಂದಿನ ಹಾದಿ ಮಾತ್ರ ಬೇರೆಯಾಯಿತು. ಜಗತ್ತಿನಲ್ಲೇ ಅತ್ಯಂತ ಸಿರಿವಂತನೆಂದು 1937ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆಯ ಮುಖಪುಟವೇರಿದ ಮೀರ್ ಉಸ್ಮಾನ್ ಅಲೀ ಖಾನನ ಬೊಕ್ಕಸವೂ ಕಡೆಗೆ ರೈತ ತೆತ್ತ ಭೂಕಂದಾಯದಿಂದಲೇ ತುಂಬಬೇಕಾಗಿತ್ತು. ಕುವೈತಿನ ಅರಸನಿಗೆ ಆ ಹಂಗು ತಪ್ಪಿತು. 1946ರಲ್ಲಿ ಮೊದಲ ಎಣ್ಣೆಯ ಹಡಗು ಹೊರಟ ಮೇಲೆ ಆತ ಪ್ರಜೆಗಳಿಂದ ಬೇಡಬೇಕಾದ್ದೇನೂ ಉಳಿಯಲಿಲ್ಲ, ಆತನೇ ಕೊಡತೊಡಗಿದ. ಶಾಲೆ, ಆಸ್ಪತ್ರೆ, ಮನೆ, ಸರಕಾರಿ ನೌಕರಿ, ಎಲ್ಲವೂ ಅರಮನೆಯಿಂದ ಹರಿದು ಬಂದವು. ಆದಾಯ ತೆರಿಗೆಯ ಸುಳಿವಿಲ್ಲ. ವರ್ತಕರಿಗೆ ವ್ಯಾಪಾರದ ಗುತ್ತಿಗೆಗಳು ದೊರೆತವು. ಆಯವ್ಯಯದ ಲೆಕ್ಕ ಕೇಳುವ ಉತ್ಸಾಹ ಅವರಲ್ಲಿ ತಣ್ಣಗಾಯಿತು.

ಹಾಗೆಂದು ಅರಸೊತ್ತಿಗೆಯನ್ನು ಸಾರಾಸಗಟಾಗಿ ಹಳಿದುಬಿಡುವುದು ನ್ಯಾಯವಲ್ಲ. 1938ರ ಮಜ್ಲಿಸಿಗೆ ಅಧ್ಯಕ್ಷನಾಗಿದ್ದ ಅಬ್ದುಲ್ಲಾ ಅಲ್ ಸಾಲಿಮನೇ 1950ರಲ್ಲಿ ಅರಸನಾದ. 1961ರ ಜೂನ್ 19ರಂದು ಆಂಗ್ಲರ ರಕ್ಷಣೆಯಿಂದ ಬಿಡುಗಡೆ ಪಡೆದು, 1962ರಲ್ಲಿ ಸಂವಿಧಾನವನ್ನು ಕೊಟ್ಟು, ಮುಂದಿನ ವರ್ಷ ಐವತ್ತು ಮಂದಿ ಚುನಾಯಿತ ಸದಸ್ಯರ ಸಭೆಯನ್ನು ಕೂಡಿಸಿದ. ಮಂತ್ರಿಯನ್ನು ನಿಲ್ಲಿಸಿಕೊಂಡು ಪ್ರಶ್ನಿಸುವ ಅಧಿಕಾರ ಕೊಲ್ಲಿಯ ನೆರೆಹೊರೆಯಲ್ಲಿ ಬೇರೆಲ್ಲಿಯೂ ಅಷ್ಟು ಬಲವಾಗಿರಲಿಲ್ಲ. ಹೆಂಗಸರಿಗೆ ಮತ ದೊರೆತದ್ದು ಮಾತ್ರ 2005ರಲ್ಲಿ. ಆದರೆ ಸಭೆ ಗಟ್ಟಿಯಾಗಿ ಮಾತಾಡಿದಾಗಲೆಲ್ಲ ಅದರ ಬಾಗಿಲಿಗೆ ಬೀಗ ಬಿತ್ತು: 1976ರಲ್ಲಿ ಒಮ್ಮೆ, 1986ರಲ್ಲಿ ಮತ್ತೊಮ್ಮೆ. 2024ರ ಮೇ ತಿಂಗಳಲ್ಲಿ ಅಮೀರ್ ಮಿಶಾಲ್ ಸಭೆಯನ್ನು ವಿಸರ್ಜಿಸಿ, ನಾಲ್ಕು ವರ್ಷ ಮೀರದ ಅವಧಿಗೆ ಸಂವಿಧಾನದ ಕೆಲವು ವಿಧಿಗಳನ್ನೇ ಅಮಾನತಿನಲ್ಲಿಟ್ಟರು.

ಹಣದ ವಿಚಾರದಲ್ಲಿ ಕುವೈತಿಗರ ದೂರದೃಷ್ಟಿ ಮೆಚ್ಚತಕ್ಕದ್ದು. ಬಾವಿ ಒಂದು ದಿನ ಬತ್ತುತ್ತದೆಂದು ತಿಳಿದು, 1953ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಹಣ ಹೂಡುವ ಮಂಡಲಿಯನ್ನು ಸ್ಥಾಪಿಸಿದರು. ಬರುವ ಪೀಳಿಗೆಗಳಿಗಾಗಿ ವರಮಾನದ ಶೇಕಡ 10ನ್ನು ಎತ್ತಿಡಬೇಕೆಂದು 1976ರಲ್ಲಿ ಕಾನೂನು ಮಾಡಿದರು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ನುಗ್ಗಿ ಅರಸ ಸೌದಿ ಅರೇಬಿಯದ ತಾಯಿಫಿಗೆ ಓಡಿದಾಗ, ನೆಲವಿಲ್ಲದ ಆ ಸರಕಾರವನ್ನು ಬದುಕಿಸಿದ್ದು ಈ ಗಂಟೇ. ಸೋತು ಹಿಂದೆಗೆಯುವಾಗ ಇರಾಕಿಗರು ಆರುನೂರಕ್ಕೂ ಮಿಕ್ಕ ಎಣ್ಣೆಬಾವಿಗಳಿಗೆ ಬೆಂಕಿಯಿಟ್ಟರು; ಅದನ್ನು ಆರಿಸಲು 1991ರ ನವೆಂಬರ್ ಬರಬೇಕಾಯಿತು.

ದೊಡ್ಡ ನೆರೆಯವರ ನಡುವೆ ಸಿಕ್ಕಿಕೊಂಡ ಚಿಕ್ಕ ದೇಶಕ್ಕೆ ಸೈನ್ಯಕ್ಕಿಂತ ಸ್ನೇಹ ಹೆಚ್ಚು ಉಪಯುಕ್ತ. ಸ್ವತಂತ್ರವಾದ 1961ರಲ್ಲಿಯೇ ಇರಾಕಿನ ಕಾಸಿಮ್ ಅದನ್ನು ತನ್ನದೆಂದಾಗ, ಕುವೈತು ಕೊಡುಗೈಯನ್ನೇ ರಾಜನೀತಿಯಾಗಿಸಿಕೊಂಡಿತು. ಅದೇ ವರ್ಷ ಸ್ಥಾಪಿತವಾದ ಕುವೈತ್ ಅಭಿವೃದ್ಧಿ ನಿಧಿ ಮೊದಲು ಅರಬ್ ದೇಶಗಳಿಗೆ, ಅನಂತರ ಇತರರಿಗೆ ಸಾಲ ನೀಡಿತು. ನಮ್ಮ ಉತ್ತರ ಕನ್ನಡದ ಕಾಳಿನದಿ ಜಲವಿದ್ಯುತ್ ಯೋಜನೆಗೂ ಆ ನಿಧಿಯ ಸಾಲ ಬಂದಿತ್ತೆಂಬುದು ಎಷ್ಟು ಮಂದಿಗೆ ಗೊತ್ತು? ಮರಳಿನಡಿಯ ಎಣ್ಣೆ ಸಹ್ಯಾದ್ರಿಯ ನೀರಿನಲ್ಲಿ ದೀಪವಾಗಿ ಉರಿದಿದೆ.

1990ರಲ್ಲಿ ಮಾತ್ರ ಭಾರತದ ನಿಲುವು ಕುವೈತಿಗರನ್ನು ನೋಯಿಸಿತು. ವಿದೇಶಾಂಗ ಮಂತ್ರಿ ಐ. ಕೆ. ಗುಜ್ರಾಲರು ಬಾಗ್ದಾದಿಗೆ ಹೋಗಿ ಸದ್ದಾಮ್ ಹುಸೇನನ ಆಲಿಂಗನಕ್ಕೆ ಒಳಗಾದ ಚಿತ್ರವನ್ನು ಅವರು ಬಹುಕಾಲ ಮರೆಯಲಿಲ್ಲ. ಅತ್ತ ಸಿಕ್ಕಿಬಿದ್ದಿದ್ದ ಒಂದು ಲಕ್ಷಕ್ಕಿಂತ ಹೆಚ್ಚು ಭಾರತೀಯರನ್ನು ಇರಾಕಿನ ಮೂಲಕ ಜೋರ್ಡಾನಿಗೆ ದಾಟಿಸಿ, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಕರೆತರಬೇಕಾಗಿದ್ದ ಸರಕಾರಕ್ಕೆ ಬೇರೆ ದಾರಿಯಾದರೂ ಯಾವುದಿತ್ತು?

ಈ ಲಕ್ಷ ಮಂದಿ ಯಾರು? ಇಲ್ಲಿಯೇ ಕುವೈತಿನ ರಾಜಕೀಯದ ಮರ್ಮವಿದೆ. ಹೈದರಾಬಾದಿನವರಿಗೆ ‘ಮುಲ್ಕಿ’, ‘ಗೈರ್ ಮುಲ್ಕಿ’ ಎಂಬ ಮಾತುಗಳು ಹೊಸವಲ್ಲ. ಸಂಸ್ಥಾನದ ನೌಕರಿ ಮುಲ್ಕಿಗೆ ಮಾತ್ರ. ಆದರೆ ಹದಿನೈದು ವರ್ಷ ನೆಲೆಸಿದ ಹೊರಗಿನವನೂ ಮುಲ್ಕಿಯಾಗಬಹುದಾಗಿತ್ತು. ಕುವೈತಿನ 1959ರ ಪೌರತ್ವ ಕಾನೂನು ಇದಕ್ಕಿಂತ ಬಿಗಿ: 1920ಕ್ಕೆ ಮೊದಲೇ ಅಲ್ಲಿ ನೆಲೆಸಿದ್ದ ಮನೆತನಗಳವರೇ ಮೂಲ ಪೌರರು. ಎಣ್ಣೆಯ ಸಿರಿ ಹಂಚುವಾಗ ಎಲೆಗಳ ಸಂಖ್ಯೆ ಹೆಚ್ಚದಂತೆ ನೋಡಿಕೊಳ್ಳುವುದು ಸಹಜವೇ. ಆದರೆ ಅಡುಗೆ ಮಾಡುವವರು, ಬಡಿಸುವವರು, ಎಂಜಲೆತ್ತುವವರು ಹೊರಗಿನಿಂದ ಬರಲೇಬೇಕಾಯಿತು. ಸುಮಾರು ಐವತ್ತು ಲಕ್ಷ ನಿವಾಸಿಗಳಲ್ಲಿ ಮೂರರಲ್ಲಿ ಎರಡು ಪಾಲು ಪರದೇಶಿಗಳು. ಅವರಲ್ಲಿ ಭಾರತೀಯರೇ ಸುಮಾರು ಹತ್ತು ಲಕ್ಷ. ಬಂದವನು ‘ಕಫೀಲ’ನೆಂಬ ಧಣಿಯ ಹೆಸರಿನಲ್ಲಿ ಬರಬೇಕು, ಧಣಿ ಬಿಟ್ಟರೆ ಹೊರಡಬೇಕು. 1991ರ ಅನಂತರ, ಅಲ್ಲಿಯೇ ಬೇರುಬಿಟ್ಟಿದ್ದ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ಟೀನಿಯರಲ್ಲಿ ಬಹುಪಾಲಿನವರಿಗೆ, ಅವರ ನಾಯಕರು ಸದ್ದಾಮನ ಪಕ್ಷ ವಹಿಸಿದರೆಂಬ ಸಿಟ್ಟಿನಲ್ಲಿ, ಆ ದೇಶದ ಬಾಗಿಲು ಮುಚ್ಚಿತು. ಸಭೆಯಿದ್ದಾಗಲೂ ಇಲ್ಲದಿದ್ದಾಗಲೂ ಇವರ ಪರವಾಗಿ ಮತ ಹಾಕುವ ಕೈ ಅಲ್ಲಿರಲಿಲ್ಲ.

ಮತ್ತೆ ನಾಣ್ಯದ ಮಾತಿಗೆ ಬರೋಣ. ಕೊಲ್ಲಿಯ ದಾರಿಯಲ್ಲಿ ಚಿನ್ನದ ಕಳ್ಳಸಾಗಣೆ ಹೆಚ್ಚಿ ವಿದೇಶೀ ವಿನಿಮಯ ಸೋರತೊಡಗಿದಾಗ, 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಅಚ್ಚು ಹಾಕಿಸಿತು. ನಿಜಾಮನ ಹಾಲಿ ಸಿಕ್ಕಾ ಪೂರ್ತಿ ಚಲಾವಣೆ ಕಳೆದುಕೊಂಡದ್ದೂ ಅದೇ ವರ್ಷ. 1961ರಲ್ಲಿ ಕುವೈತು ತನ್ನ ದಿನಾರನ್ನು ತಂದಿತು. ಆಗ ಒಂದು ದಿನಾರಿಗೆ ಹದಿಮೂರೂ ಮೂರನೆಯ ಒಂದು ರೂಪಾಯಿ; 2024ರ ಹೊತ್ತಿಗೆ ಇನ್ನೂರೈವತ್ತಕ್ಕೂ ಮೇಲೆ. ಮಳೆ ಕೈಕೊಟ್ಟು ತೊಗರಿ ಒಣಗುವ ಸೀಮೆಯ ಹುಡುಗನಿಗೆ ಆ ಅಂಕಿಯೇ ಸಾಕು. ಕುವೈತಿನ ಸಂವಿಧಾನವನ್ನು ಅವನು ಓದಬೇಕಾಗಿಲ್ಲ.

2024ರ ಜೂನ್ 12ರ ಬೆಳಗಿನ ಜಾವ ಕುವೈತಿನ ಮಂಗಾಫಿನಲ್ಲಿ ಕೂಲಿಕಾರರು ಮಲಗಿದ್ದ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಿತು. ಸತ್ತವರಲ್ಲಿ ಬಹುಪಾಲಿನವರು ಭಾರತೀಯರು. ಎರಡು ದಿನಗಳ ಮೇಲೆ ವಾಯುಪಡೆಯ ವಿಮಾನ ಶವಗಳನ್ನು ಹೊತ್ತು ಕೊಚ್ಚಿಯಲ್ಲಿ ಇಳಿಯಿತು. ಕೇರಳದವರೇ ಹೆಚ್ಚು, ಕರ್ನಾಟಕದವನು ಒಬ್ಬ. ಆತ ಆಳಂದ ತಾಲ್ಲೂಕಿನವನು.

ಅದೇ ವರ್ಷದ ಡಿಸೆಂಬರಿನಲ್ಲಿ ಭಾರತದ ಪ್ರಧಾನಮಂತ್ರಿ ಕುವೈತಿಗೆ ಹೋದರು. 1981ರಲ್ಲಿ ಇಂದಿರಾ ಗಾಂಧಿಯವರು ಹೋಗಿಬಂದ ಮೇಲೆ ಪ್ರಧಾನಿಯೊಬ್ಬರ ಭೇಟಿ ಅದೇ ಮೊದಲು. ಮೀನಾ ಅಬ್ದುಲ್ಲಾದ ಕಾರ್ಮಿಕರ ಬಿಡಾರಕ್ಕೂ ಅವರು ಹೋಗಿ ಮಾತಾಡಿಸಿದರು. ಅರಮನೆಯಲ್ಲಿ ಎರಡು ದೇಶಗಳು ಒಪ್ಪಿ ವಿನಿಮಯ ಮಾಡಿಕೊಂಡ ಪತ್ರಗಳ ವಿಷಯ ರಕ್ಷಣೆ, ಸಂಸ್ಕೃತಿ, ಕ್ರೀಡೆ ಮತ್ತು ಸೌರಶಕ್ತಿ.