ಸಿ ಡ್ರೈವ್ ಕೆಂಪಾಗುವುದೇಕೆ?

ತಾವರಗೇರಾದಂಥ ಹೋಬಳಿ ಊರಿನ ಆನ್‌ಲೈನ್ ಸೆಂಟರ್‌ನಲ್ಲಿ ಕಂಪ್ಯೂಟರ್ ಒಂದೋ ಎರಡೋ, ಕೆಲಸ ಮಾತ್ರ ನೂರೆಂಟು: ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಸ್ಕಾಲರ್‌ಶಿಪ್ ಅರ್ಜಿ. ಇಂಥಲ್ಲಿ ಪಿಡಿಎಫ್ ಸೇವ್ ಆಗದೆ ನಿಂತರೆ ಪಾಳಿ ರಸ್ತೆಗೆ ಬರುತ್ತದೆ. ‘ನಾ ಏನೂ ಹಾಕಿಲ್ರೀ, ತಾನ ತುಂಬೇತಿ’ ಎಂದು ಅಂಗಡಿಯವರು ತೋರಿಸುವ ಸಿ ಡ್ರೈವ್‌ನ ನೀಲಿ ಪಟ್ಟಿ ಕೆಂಪಾಗಿರುತ್ತದೆ. ಅವರ ಮಾತು ಬಹುಪಾಲು ನಿಜ. ತುಂಬಿಸಿದ್ದು ವಿಂಡೋಸೇ.

ಅಪ್‌ಡೇಟ್ ಅಂದರೆ ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುವುದು ಅಂದುಕೊಂಡಿರುತ್ತೇವೆ. ಹಾಗೆ ಮಾಡುತ್ತಿದ್ದರೆ, ನಡುವೆ ಕರೆಂಟು ಹೋದ ಗಳಿಗೆಯಲ್ಲಿ ಕಂಪ್ಯೂಟರ್ ಕೈಕೊಡುತ್ತಿತ್ತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾದ ಅಂಗಡಿಯಲ್ಲಿ ಇದೇನು ದೂರದ ಮಾತಲ್ಲ. ಆದ್ದರಿಂದ ಮೊದಲು ಒತ್ತಿ ಕಟ್ಟಿದ ಕಡತ ಇಳಿಯುತ್ತದೆ, ನಂತರ ಬಿಚ್ಚಿಕೊಳ್ಳುತ್ತದೆ, ಆಗಲೂ ಹಳೆಯದು ಇದ್ದಲ್ಲೇ ಇರುತ್ತದೆ. ಕೆಲಸ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ದಾರಿ ಬೇಕಲ್ಲ!

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಆಸುಪಾಸಿನಲ್ಲಿ 11ಕ್ಕೆ ಬಂದವರಿಗೆ ಇದರ ದೊಡ್ಡ ರೂಪ ಗೊತ್ತು. ಹಳೆಯ ವಿಂಡೋಸ್ ಇಡಿಯಾಗಿ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರ್ ಸೇರುತ್ತದೆ. ಹಲವೊಮ್ಮೆ ಹತ್ತಿಪ್ಪತ್ತು ಜಿಬಿ. ಸಾಮಾನ್ಯವಾಗಿ 10 ದಿನ ಕಳೆದ ಮೇಲೆ ತಾನೇ ಅಳಿಯುತ್ತದೆ. ಇದಲ್ಲದೆ 2019ರಿಂದೀಚೆಗೆ ಹೊಸ ಕಂಪ್ಯೂಟರ್‌ಗಳಲ್ಲಿ ಅಪ್‌ಡೇಟಿಗೆಂದೇ ಸುಮಾರು 7 ಜಿಬಿ ಮುಂಗಡವಾಗಿ ಕಾದಿರಿಸುವ ಪದ್ಧತಿಯೂ ಬಂದಿದೆ.

ಹೆಚ್ಚು ಗೊಂದಲ ಎಬ್ಬಿಸುವುದು ತಿಂಗಳ ಅಪ್‌ಡೇಟುಗಳ ಉಗ್ರಾಣ, ‘ವಿನ್‌ಎಸ್‌ಎಕ್ಸ್‌ಎಸ್’ ಫೋಲ್ಡರ್. ಪ್ರಾಪರ್ಟೀಸ್ ನೋಡಿದರೆ ಎದೆ ಝಲ್ಲೆನ್ನುವಷ್ಟು ಗಾತ್ರ. ಆ ಲೆಕ್ಕವನ್ನು ಪೂರ್ತಿ ನಂಬಬಾರದು. ಡಿಸ್ಕಿನಲ್ಲಿ ಒಂದೇ ಫೈಲಿಗೆ ಎರಡು ಕಡೆ ಹೆಸರು ಕೊಡಲು ಬರುತ್ತದೆ; ಇದಕ್ಕೆ ಹಾರ್ಡ್ ಲಿಂಕ್ ಅನ್ನುತ್ತಾರೆ. ಆಧಾರ್‌ನಲ್ಲೊಂದು ಹೆಸರು, ಪಹಣಿಯಲ್ಲೊಂದು ಹೆಸರು ಇರುವ ರೈತ ಒಬ್ಬನೇ ಆದರೂ ಎರಡು ಕಾಗದ ನೋಡಿದವರು ಇಬ್ಬರೆಂದು ಎಣಿಸಿದ ಹಾಗೆ, ವಿಂಡೋಸ್ ಫೋಲ್ಡರಿನಲ್ಲೂ ಇಲ್ಲೂ ಹೆಸರಿರುವ ಫೈಲು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಇದಕ್ಕೆ ಕೈಯಾರೆ ಡಿಲೀಟ್ ಒತ್ತಿದರೆ ಜಾಗ ಅಂದುಕೊಂಡಷ್ಟು ಸಿಗುವುದಿಲ್ಲ, ವಿಂಡೋಸ್ ಮಾತ್ರ ಮಲಗಬಹುದು. ಇಲ್ಲಿ ನಿಜಕ್ಕೂ ಹಳತಾದದ್ದನ್ನು ಕನಿಷ್ಠ 30 ದಿನ ಇಟ್ಟುಕೊಂಡು, ಕಂಪ್ಯೂಟರ್ ಬಿಡುವಾಗಿದ್ದಾಗ ವಿಂಡೋಸೇ ಗುಡಿಸುತ್ತದೆ. ಕೆಲಸ ಮುಗಿದ ತಕ್ಷಣ ಸ್ವಿಚ್ ಆರಿಸುವ ಅಂಗಡಿಯಲ್ಲಿ ಆ ಬಿಡುವು ಸಿಗುವುದೇ ಅಪರೂಪ.

ಅವಸರವಿದ್ದರೆ ಸೆಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ‘ಟೆಂಪರರಿ ಫೈಲ್ಸ್’ ತೆರೆದು, ಅಪ್‌ಡೇಟಿನ ಕಸ ಮತ್ತು ಹಿಂದಿನ ವಿಂಡೋಸ್‌ಗೆ ಟಿಕ್ ಹಾಕಿ ತೆಗೆಯಬಹುದು. ಆಮೇಲೆ ಹಿಂದಿನ ವಿಂಡೋಸ್‌ಗೆ ಮರಳಲಾಗದು. ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ, ಹುಷಾರು! ಅದಕ್ಕೂ ಟಿಕ್ ಬಿದ್ದರೆ ಗಿರಾಕಿಗಳ ಪಹಣಿ, ರಸೀದಿಗಳೆಲ್ಲ ಹೋದವು.

ಇಷ್ಟಾದರೂ ಪದೇಪದೇ ಕೆಂಪಾಗುತ್ತಿದ್ದರೆ ತಪ್ಪು ಅಪ್‌ಡೇಟಿನದಲ್ಲ, ಡಿಸ್ಕ್ ಪಾಲು ಮಾಡಿದವರದು ಅನ್ನುತ್ತೇನೆ ನಾನು. ‘ವಿಂಡೋಸ್ ಹೊಡೆಯುವ’ ಹುಡುಗರು 500 ಜಿಬಿ ಡಿಸ್ಕಿನಲ್ಲಿ ಸಿ ಡ್ರೈವ್‌ಗೆ ಚೂರು ಕೊಟ್ಟು ಉಳಿದದ್ದನ್ನು ಡಿ, ಇ ಎಂದು ಹಂಚಿಬಿಡುತ್ತಾರೆ. ವೈರಸ್ ಹೊಕ್ಕು ಸಿ ಫಾರ್ಮ್ಯಾಟ್ ಹೊಡೆದರೂ ದಾಖಲೆ ಉಳಿಯಲಿ ಎಂಬ ಎಕ್ಸ್‌ಪಿ ಕಾಲದ ಲೆಕ್ಕವದು. ಎಕ್ಸ್‌ಪಿಗೆ ಕನಿಷ್ಠ ಒಂದೂವರೆ ಜಿಬಿ ಸಾಕಿತ್ತು, ವಿಂಡೋಸ್ 11 ಕೇಳುವುದು 64 ಜಿಬಿ. ಡಿ ಎಷ್ಟೇ ಖಾಲಿ ಹೊಡೆಯುತ್ತಿರಲಿ, ಅಪ್‌ಡೇಟ್ ಬಂದು ಕೂರುವುದು ಸಿ ಡ್ರೈವ್‌ನಲ್ಲೇ. ಮುಂದಿನ ಸಲ ವಿಂಡೋಸ್ ಹೊಡೆಸುವಾಗ ಅದಕ್ಕೆ 150 ಜಿಬಿಯಾದರೂ ಬಿಡಲು ಮೊದಲೇ ಹೇಳಿ.