ಕಾಲುಸಂಕದ ನಕ್ಷೆ: ಕಾಮಗಾರಿ ಆರಂಭಕ್ಕೆ ಮುನ್ನ ಸದಸ್ಯರು ಪರಿಶೀಲಿಸಬೇಕಾದ ಅಂಶಗಳು

2022ರ ಆಗಸ್ಟ್ ತಿಂಗಳಿನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಬಾಲಕಿಯೊಬ್ಬಳು ಕಾಲುಸಂಕ ದಾಟುವಾಗ ತುಂಬಿ ಹರಿಯುತ್ತಿದ್ದ ಹಳ್ಳಕ್ಕೆ ಬಿದ್ದು ಮೃತಪಟ್ಟಳು. ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಅನೇಕ ಗ್ರಾಮಗಳಲ್ಲಿ ಮಳೆಗಾಲದಲ್ಲಿ ಶಾಲೆಗೆ, ಅಂಗಡಿಗೆ, ಆಸ್ಪತ್ರೆಗೆ ಹೋಗುವ ದಾರಿ ಇಂತಹ ಸಂಕಗಳನ್ನೇ ಅವಲಂಬಿಸಿದೆ. ಹಳೆಯ ಸಂಕಗಳ ಸ್ಥಾನದಲ್ಲಿ ಕಾಂಕ್ರೀಟಿನ ಕಿರುಸೇತುವೆ ನಿರ್ಮಿಸುವಂತೆ ಗ್ರಾಮ ಸಭೆಗಳಲ್ಲಿ ಬೇಡಿಕೆ ಬರುವುದು ಸಹಜ. ಆದರೆ ಅನುದಾನ ದೊರೆತ ಮಾತ್ರಕ್ಕೆ ಸಂಕ ಸುರಕ್ಷಿತವಾಗುವುದಿಲ್ಲ. ನಕ್ಷೆಯಲ್ಲಿ ಉಳಿದ ತಪ್ಪು ಹಾಗೆಯೇ ಕಾಂಕ್ರೀಟಿಗೆ ಇಳಿಯುತ್ತದೆ. ಅನಂತರ ಅದನ್ನು ತಿದ್ದಲು ಕಟ್ಟಿದ್ದನ್ನು ಒಡೆಯಬೇಕಾಗುತ್ತದೆ.

ಸದಸ್ಯರ ಪಾತ್ರ

ತೊಲೆಯ ದಪ್ಪ, ಸರಳುಗಳ ಸಂಖ್ಯೆ ಮುಂತಾದ ಲೆಕ್ಕಾಚಾರದ ಹೊಣೆ ಇಂಜಿನಿಯರರದು. ಸದಸ್ಯರು ಆ ಲೆಕ್ಕವನ್ನು ಪುನಃ ಮಾಡಬೇಕಾಗಿಲ್ಲ. ಲೆಕ್ಕಕ್ಕೆ ಆಧಾರವಾದ ಸ್ಥಳದ ವಿವರಗಳು ವಾಸ್ತವಕ್ಕೆ ಹೊಂದುತ್ತವೆಯೇ ಎಂಬುದನ್ನು ಮಾತ್ರ ಅವರು ಖಚಿತಪಡಿಸಿಕೊಳ್ಳಬೇಕು. ಈ ಕೆಲಸಕ್ಕೆ ಆ ಹಳ್ಳವನ್ನು ವರ್ಷವಿಡೀ ಬಲ್ಲವರಿಗಿಂತ ಅರ್ಹರು ಬೇರೆ ಇಲ್ಲ.

ನೆರೆಯ ಮಟ್ಟ

ಸ್ಥಳದ ಅಳತೆ ಸಾಮಾನ್ಯವಾಗಿ ಬೇಸಿಗೆಯಲ್ಲಿ ನಡೆಯುತ್ತದೆ. ಆಗ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರೂ ಇರುವುದಿಲ್ಲ. ಘಟ್ಟದಿಂದ ಕಡಲಿಗೆ ಇರುವ ದೂರ ಕಡಿಮೆಯಾದುದರಿಂದ ಆಷಾಢದ ಮಳೆಗೆ ಅದೇ ಹಳ್ಳ ಕೆಲವೇ ಗಂಟೆಗಳಲ್ಲಿ ದಡ ಮೀರುತ್ತದೆ. ಸೌಪರ್ಣಿಕಾ, ಸೀತಾ ನದಿಗಳ ಕೆಳಹರಿವಿನ ಊರುಗಳಲ್ಲಿ ಸಮುದ್ರದ ಉಬ್ಬರವೂ ನೆರೆಯ ನೀರನ್ನು ತಡೆದು ನಿಲ್ಲಿಸುತ್ತದೆ. ಆದುದರಿಂದ ನಕ್ಷೆಯಲ್ಲಿ ಗರಿಷ್ಠ ನೆರೆ ಮಟ್ಟವನ್ನು ಗುರುತಿಸಲಾಗಿದೆಯೇ, ಸಂಕದ ತಳಭಾಗ ಆ ಮಟ್ಟಕ್ಕಿಂತ ಮೇಲಿದೆಯೇ ಎಂಬುದನ್ನು ಮೊದಲು ನೋಡಬೇಕು. ದಡದ ಮನೆಯವರು ತೋರಿಸುವ ನೆರೆಯ ಗುರುತನ್ನು ಇಂಜಿನಿಯರರ ಸಮಕ್ಷಮ ಅಳತೆ ಮಾಡಿಸಿ ನಕ್ಷೆಯೊಂದಿಗೆ ಹೋಲಿಸುವುದು ಉತ್ತಮ. ತೇಲಿ ಬರುವ ಮರದ ದಿಮ್ಮಿಗಳು ನಡುಗಂಬಕ್ಕೆ ಸಿಲುಕಿ ನೀರನ್ನು ತಡೆಯುವ ಸಂಭವವಿದ್ದರೆ ಅದನ್ನೂ ತಿಳಿಸಬೇಕು.

ಎರಡು ದಡಗಳ ಎತ್ತರ

ನಕ್ಷೆಯ ಎಲ್ಲ ಎತ್ತರಗಳನ್ನೂ ಒಂದೇ ಮಟ್ಟಗುರುತಿನಿಂದ ಅಳೆದಿರಬೇಕು. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ನಡುವೆ ರೈನ್ ನದಿಗೆ ಲೌಫೆನ್‌ಬರ್ಗ್ ಎಂಬಲ್ಲಿ ಸೇತುವೆ ಕಟ್ಟುವಾಗ ಈ ವಿಷಯದಲ್ಲೇ ಎಡವಟ್ಟಾಯಿತು. ಎರಡು ದೇಶಗಳು ಬಳಸುವ ಸಮುದ್ರ ಮಟ್ಟಗಳಲ್ಲಿ 27 ಸೆಂಟಿಮೀಟರ್ ವ್ಯತ್ಯಾಸವಿರುವುದು ತಿಳಿದಿತ್ತು. ಆದರೆ ಕಳೆಯಬೇಕಾದಲ್ಲಿ ಕೂಡಿದಂತಾಗಿ ಎರಡು ಬದಿಗಳ ನಡುವೆ 54 ಸೆಂಟಿಮೀಟರ್ ಅಂತರ ಉಂಟಾಯಿತು. ತಪ್ಪು 2003ರಲ್ಲಿ, ನಿರ್ಮಾಣ ನಡೆಯುತ್ತಿರುವಾಗ ಬೆಳಕಿಗೆ ಬಂತು. ನಮ್ಮ ಹಳ್ಳಗಳಲ್ಲಿಯೂ ಒಂದು ದಡ ಎತ್ತರದ ದರೆ, ಮತ್ತೊಂದು ತಗ್ಗಿನ ಬೈಲು ಆಗಿರುವುದು ಸಾಮಾನ್ಯ. ಮಟ್ಟಗುರುತು ಯಾವುದೆಂದು ಕೇಳಿ, ಅದನ್ನು ಸ್ಥಳದಲ್ಲಿ ತೋರಿಸುವಂತೆ ಕೋರಬೇಕು.

ಸಂಕದ ಎರಡು ತುದಿಗಳು

ದಡದ ಆಧಾರಗೋಡೆಯ ಹಿಂದಿನ ಮಣ್ಣು ಕೊಚ್ಚಿಹೋದರೆ ಸಂಕ ನಿಂತಿದ್ದರೂ ದಾರಿ ಇರುವುದಿಲ್ಲ. ಮಣ್ಣನ್ನು ಹಿಡಿದಿಡುವ ಪಕ್ಕದ ಗೋಡೆಗಳು ಮತ್ತು ಸಂಪರ್ಕ ದಾರಿ ನಕ್ಷೆಯಲ್ಲಿಯೂ ಅಂದಾಜು ಪಟ್ಟಿಯಲ್ಲಿಯೂ ಸೇರಿವೆಯೇ ಎಂದು ನೋಡಬೇಕು. ಸಂಕದ ಎರಡೂ ಬದಿಗಳಲ್ಲಿ ಕೈಹಿಡಿ ಇರಬೇಕು. ಸಣ್ಣ ಮಕ್ಕಳು ಕಂಬಿಗಳ ನಡುವೆ ಜಾರಿ ಬೀಳುವಷ್ಟು ಅಂತರವಿರಬಾರದು. ಕೈಹಿಡಿ ನಕ್ಷೆಯಲ್ಲಿದ್ದು ಅಂದಾಜು ಪಟ್ಟಿಯಲ್ಲಿ ಬಿಟ್ಟುಹೋದರೆ ಅದಕ್ಕೆ ಹಣವಿರುವುದಿಲ್ಲ. ರೋಗಿಗಳನ್ನು ಹೊತ್ತೊಯ್ಯುವ ದಾರಿಯಾಗಿದ್ದರೆ ತುದಿಗಳಲ್ಲಿ ಮೆಟ್ಟಿಲಿಗೆ ಬದಲು ಇಳಿಜಾರು ದಾರಿ ಅಗತ್ಯ. ಇಂತಹ ಇಳಿಜಾರು 1 ಅಡಿ ಏರಲು ಕನಿಷ್ಠ 12 ಅಡಿ ಉದ್ದವಿರಬೇಕು. ಅಷ್ಟು ಜಾಗ ದಡದಲ್ಲಿದೆಯೇ, ಅದು ಖಾಸಗಿ ಗದ್ದೆಗೆ ಸೇರಿದೆಯೇ ಎಂಬುದು ಆಗಲೇ ಇತ್ಯರ್ಥವಾಗಬೇಕು.

ಉಪ್ಪುಗಾಳಿಯ ಪ್ರದೇಶ

ಬೇರೆಡೆ ಬಳಸಿದ ನಕ್ಷೆಯನ್ನು ಕಡಲ ತೀರಕ್ಕೆ ಹಾಗೆಯೇ ತಂದಾಗ ಕಣ್ಣಿಗೆ ಕಾಣದ ತಪ್ಪೊಂದು ಸೇರಿಕೊಳ್ಳುತ್ತದೆ. ಉಪ್ಪಿನಂಶ ಒಳಸೇರಿದರೆ ಉಕ್ಕಿನ ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಸರಳಿನ ಮೇಲಿನ ಕಾಂಕ್ರೀಟಿನ ಹೊದಿಕೆಯೇ ಇದಕ್ಕೆ ರಕ್ಷಣೆ. ಐಎಸ್ 456:2000 ಮಾನಕದಂತೆ ಸೌಮ್ಯ ಪರಿಸರದಲ್ಲಿ ಎಂ20 ದರ್ಜೆಯ ಕಾಂಕ್ರೀಟು ಮತ್ತು 20 ಮಿಲಿಮೀಟರ್ ಹೊದಿಕೆ ಸಾಕಾಗುತ್ತದೆ. ಕರಾವಳಿ ಪರಿಸರಕ್ಕೆ ನೇರವಾಗಿ ಒಡ್ಡಿಕೊಂಡ ರಚನೆಗೆ ಕನಿಷ್ಠ ಎಂ30 ದರ್ಜೆ ಮತ್ತು 45 ಮಿಲಿಮೀಟರ್ ಹೊದಿಕೆ ಬೇಕು. ಕಡಲ ನೀರಿನ ಸಿಂಚನ ತಗಲುವಲ್ಲಿ ಇವು ಎಂ35 ಮತ್ತು 50 ಮಿಲಿಮೀಟರ್‌ಗೆ ಏರುತ್ತವೆ. ಮರವಂತೆಯಿಂದ ಕೋಡಿ ಬೆಂಗ್ರೆಯವರೆಗಿನ ತೀರದ ಕಾಮಗಾರಿಗಳಲ್ಲಿ ಈ ಎರಡು ಅಂಕಿಗಳನ್ನು ನಕ್ಷೆಯ ಟಿಪ್ಪಣಿಯಲ್ಲಿ ಹುಡುಕಿ ನೋಡುವುದು ಅಗತ್ಯ.

ಹಾಳೆಗಳ ಹೊಂದಾಣಿಕೆ

ತಳನಕ್ಷೆಯಲ್ಲಿ ಬರೆದ ಉದ್ದ, ಅಡ್ಡಛೇದದಲ್ಲಿ ಬರೆದ ಉದ್ದ ಮತ್ತು ಅಂದಾಜು ಪಟ್ಟಿಯ ಉದ್ದ ಒಂದೇ ಆಗಿರಬೇಕು. ಬಿಡಿ ಅಳತೆಗಳನ್ನು ಕೂಡಿದರೆ ಒಟ್ಟು ಅಳತೆ ಬರಬೇಕು. ಅನಂತರ ನಕ್ಷೆಯನ್ನು ಕೈಯಲ್ಲಿ ಹಿಡಿದು ಸ್ಥಳಕ್ಕೆ ತೆರಳಿ, ದಡದಿಂದ ದಡಕ್ಕೆ ಟೇಪು ಹಿಡಿದು ಅಳೆಯಬೇಕು. ಇದಕ್ಕೆ ಅರ್ಧ ದಿನ ಸಾಕು.

ಆಕ್ಷೇಪಣೆ ಸಲ್ಲಿಸುವ ಕ್ರಮ

ಕಂಡುಬಂದ ವ್ಯತ್ಯಾಸಗಳನ್ನು ಹಾಳೆಯ ಸಂಖ್ಯೆ ಸಹಿತ ಲಿಖಿತವಾಗಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳಿಗೆ ನೀಡಿ, ಇಂಜಿನಿಯರರ ಉತ್ತರವನ್ನೂ ಲಿಖಿತವಾಗಿ ಪಡೆಯುವುದು ಸೂಕ್ತ. ವಿಷಯವನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಬೇಕು. ಗುತ್ತಿಗೆದಾರರಿಗೆ ಬಾಯಿಮಾತಿನಲ್ಲಿ ಬದಲಾವಣೆ ಸೂಚಿಸಕೂಡದು. ನಕ್ಷೆ ತಿದ್ದುವ ಅಧಿಕಾರ ಇಂಜಿನಿಯರರಿಗೆ ಮಾತ್ರ ಇದೆ. ಪರಿಷ್ಕೃತ ನಕ್ಷೆಯಲ್ಲಿ ದಿನಾಂಕ ಮತ್ತು ಸಹಿ ಇರಬೇಕು. ಹಳೆಯ ಪ್ರತಿಗಳನ್ನು ಹಿಂಪಡೆಯದಿದ್ದರೆ ಮೇಸ್ತ್ರಿಯ ಕೈಯಲ್ಲಿ ಹಳೆಯದೇ ಉಳಿದು ತಪ್ಪು ಮರುಕಳಿಸುತ್ತದೆ.

ಮಳೆ ನಿಂತು ಕಾಮಗಾರಿ ಆರಂಭವಾಗುವ ಮುನ್ನ, ನೆರೆಯ ಗುರುತು ಗೋಡೆಗಳ ಮೇಲೆ ಇನ್ನೂ ಕಾಣುತ್ತಿರುವಾಗಲೇ ಈ ಪರಿಶೀಲನೆ ಮುಗಿದರೆ, ಮುಂದಿನ ಜೂನ್‌ನಲ್ಲಿ ಮಕ್ಕಳು ಆ ಸಂಕವನ್ನು ನಿರ್ಭಯವಾಗಿ ದಾಟಬಹುದು.