ಗೆದ್ದವರು ಹೊರಗೆ, ನಾಲ್ಕನೆಯವರು ಒಳಗೆ!

ಸಣ್ಣ ಕ್ಲಬ್ಬು ಫುಟ್‌ಬಾಲ್ ಲೀಗ್ ಗೆಲ್ಲೋದುಂಟೇ? ‘ಆಗದ ಮಾತು ಬಿಡ್ರೀ’ ಅನ್ನುವವರು ಮಿಜೋರಾಂನ ಐಜಾಲ್ ತಂಡವನ್ನು ನೆನೆಯಬೇಕು. 2016ರಲ್ಲಿ ಐ-ಲೀಗ್‌ನಿಂದ ಕೆಳಗಿಳಿದಿದ್ದ ತಂಡವದು. ಗೋವಾದ ಕ್ಲಬ್ಬುಗಳು ಹಿಂದೆ ಸರಿದವು, ಇವರು ಮತ್ತೆ ಒಳಬಂದರು. ಅದೃಷ್ಟ ಅಂತಲೇ ಅನ್ನಿ. ಮುಂದಿನದು ಮಾತ್ರ ಅದೃಷ್ಟವಲ್ಲ.

ಮುಂಬಯಿಯ ಕ್ಲಬ್ಬು ಕೈಬಿಟ್ಟಿದ್ದ ಖಾಲಿದ್ ಜಮೀಲ್ ತರಬೇತಿಗೆ ನಿಂತರು. 2017ರ ಏಪ್ರಿಲ್ 22ರಂದು ಕಲ್ಕತ್ತೆಯ ದಿಗ್ಗಜ ಮೋಹನ್ ಬಗಾನ್‌ಗೆ ಐಜಾಲ್‌ನಲ್ಲೇ 1-0 ಏಟು! 30ರಂದು ಷಿಲ್ಲಾಂಗ್‌ನಲ್ಲಿ 1-1 ಸಮ. ಅಷ್ಟೇ ಸಾಕಾಯ್ತು. 18 ಪಂದ್ಯಕ್ಕೆ 37 ಅಂಕ; ಬಗಾನ್‌ಗೆ 36. ಹಿಂದಿನ ಸಲದ ಚಾಂಪಿಯನ್, ನಮ್ಮ ಬೆಂಗಳೂರು ತಂಡ, ನಾಲ್ಕನೆಯ ಸ್ಥಾನದಲ್ಲಿ.

ಆಮೇಲೆ? ಜಮೀಲ್ ಈಸ್ಟ್ ಬೆಂಗಾಲ್‌ಗೆ ಹೊರಟರು. ದುಡ್ಡಿರುವ ಐಎಸ್‌ಎಲ್‌ಗೆ ಬೆಂಗಳೂರು ಬಿಡ್ ಹಾಕಿ ಅದೇ ವರ್ಷ ಸೇರಿತು. ಕಪ್ ಹಿಡಿದ ಐಜಾಲ್ ಬಾಗಿಲಲ್ಲೇ ನಿಂತಿತು.